ಅಜ್ಜಿಯ ಸೆರಗಿನ ಮೇಲಿನ ಹೆಸರು

ಮರಿಮಲ್ಲಪ್ಪನ ಮದುವೆ ಫೋಟೊದ ಮೇಲೆ ದೊರೆಸ್ವಾಮಿ ತನ್ನ ಹೆಸರು ಬರೆದುಕೊಂಡಿದ್ದ. ಹಿಂಬದಿಯಲ್ಲಲ್ಲ, ಮೂಲೆಯಲ್ಲೂ ಅಲ್ಲ. ಮದುಮಗನ ಹೊಟ್ಟೆಯ ಮೇಲೆ, ಓರೆಯಾಗಿ, ತೆಳ್ಳಗೆ, ಆದರೆ ಬಾಗಿಲಲ್ಲಿ ನಿಂತವರಿಗೂ ಕಾಣುವ ಹಾಗೆ: 'ದೊರೆ'. ಶಿವರಾತ್ರಿಯ ಹೊತ್ತಿಗೆ ಆ ಫೋಟೊ ಗುಂಡ್ಲುಪೇಟೆಯ ಮನೆಯ ಗೋಡೆಗೆ ಬಂತು. ಹೆಂಡತಿ ಕುಮಾರಿ ಅದನ್ನು ಮೊಳೆಗೆ ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು.

"ಎಷ್ಟು ಚೆಂದಾಗಿ ಮಾಡ್ಕೊಟ್ಟವ್ರೆ ನೋಡಿ. ಗೆದ್ಲು ನಿಮ್ ಮೊಕದಲ್ಲಿ ಕಣ್ಣೆರಡ ಬುಟ್ಟು ಮಿಕ್ಕಿದ್ದೆಲ್ಲ ತಿಂದಾಕ್ಬುಟ್ಟಿತ್ತು. ಈಗ ಗಲ್ಲ ಬಂದದೆ, ಮೀಸೆ ಬಂದದೆ."

ಗಲ್ಲ ಬಂದದ್ದು ನಿಜ. ಆದರೆ ಮರಿಮಲ್ಲಪ್ಪನಿಗೆ ಗಲ್ಲ ಕಾಣಲಿಲ್ಲ, ಹೊಟ್ಟೆ ಕಂಡಿತು. ಇಪ್ಪತ್ತು ವರ್ಷದಿಂದ ಗುಂಡ್ಲುಪೇಟೆಯಲ್ಲಿ ಸ್ಟುಡಿಯೋ ಇಟ್ಟವನ ಸ್ವಂತ ಮನೆಯ ಗೋಡೆಯ ಮೇಲೆ, ಸ್ವಂತ ಹೆಂಡತಿಯ ಪಕ್ಕದಲ್ಲಿ, ಇನ್ನೊಬ್ಬ ಫೋಟೊಗ್ರಾಫರನ ಹೆಸರು! ಕುಮಾರಿ ಚಂದಕವಾಡಿಯ ತವರಿಗೆ ಹೋಗುವಾಗ ಚಾಮರಾಜನಗರದಲ್ಲಿ ಇಳಿದು, ಗಂಡನಿಗೆ ಒಂದು ಮಾತೂ ಹೇಳದೆ ದೊರೆಸ್ವಾಮಿಯ ಕೈಲಿ ಈ ಕೆಲಸ ಮಾಡಿಸಿಕೊಂಡು ಬಂದಿದ್ದಳು. ಯಾಕೆ ಅಂದರೆ, "ನಿಮ್ಮ ತಾವ ಕಂಪ್ಯೂಟ್ರಿಲ್ವಲ್ಲ," ಅಂದಳು. ಅದು ಅವನಿಗೆ ಹೊಟ್ಟೆಯ ಮೇಲಿನ ಹೆಸರಿಗಿಂತ ಹೆಚ್ಚು ಚುಚ್ಚಿತು.

ಮರಿಮಲ್ಲಪ್ಪನೂ ದೊರೆಸ್ವಾಮಿಯೂ ಹುಡುಗರಾಗಿದ್ದಾಗ ಮೈಸೂರಿನ ಒಂದೇ ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ಕೆಲಸ ಕಲಿತವರು. ಬೆಳಕು, ಮುಖ, ನೆರಳು, ಯಾವುದರಲ್ಲೂ ದೊರೆಸ್ವಾಮಿ ಇವನಿಗೆ ಸಮ ಅಲ್ಲ. ಕನಿಷ್ಠ ಮರಿಮಲ್ಲಪ್ಪನ ಅಭಿಪ್ರಾಯ ಹಾಗಿತ್ತು. ಆದರೆ ಚಾಮರಾಜನಗರ ಜಿಲ್ಲೆಯಾದ ಕೂಡಲೇ ದೊರೆಸ್ವಾಮಿ ಕಂಪ್ಯೂಟರ್ ತಂದ, ಸ್ಕ್ಯಾನರ್ ತಂದ, ಫೋಟೊ ತಿದ್ದುವ ಸಾಫ್ಟ್‌ವೇರ್ ಹಾಕಿಸಿದ. ಆಮೇಲೆ ನೋಡಿ, ಗುಂಡ್ಲುಪೇಟೆಯ ಮದುವೆಗಳೂ ಬಸ್ಸು ಹತ್ತಿ ಅವನ ಹತ್ತಿರ ಹೋಗತೊಡಗಿದವು. ಹೋದ ಪ್ರತಿಯೊಂದು ಮುಖವೂ ಮೈಮೇಲೆ 'ದೊರೆ' ಎಂದು ಬರೆಸಿಕೊಂಡು ವಾಪಸ್ಸು ಬರುತ್ತಿತ್ತು.

ಒಂದು ಬಗೆಯ ಕೆಲಸವನ್ನು ಮಾತ್ರ ಮರಿಮಲ್ಲಪ್ಪ ತಾನಾಗಿಯೇ ಅವನಿಗೆ ಬಿಟ್ಟುಕೊಟ್ಟಿದ್ದ: ಸಾವಿನ ಮನೆಯದು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಾರ ಹಾಕಿ, ಮಣ್ಣಿಗೆ ಒಯ್ಯುವ ಮೊದಲು ಒಂದು ಫೋಟೊ ತೆಗೆಸಿಡುವುದು ಆ ಸೀಮೆಯ ವಾಡಿಕೆ. ಬದುಕಿದ್ದಾಗ ಒಂದೂ ಫೋಟೊ ತೆಗೆಸದವರಿಗೆ ಅದೊಂದೇ ಗತಿ. ಮರಿಮಲ್ಲಪ್ಪ ಅದಕ್ಕೆ ಹೋಗುತ್ತಿರಲಿಲ್ಲ. ಅವನಿಗೆ ಹೆಣ ಕಂಡರೆ ಭಯ. ಹೊರಗೆ ಹೇಳುತ್ತಿದ್ದುದು ಮಾತ್ರ "ಮದುವೆ ಮಾಡೋ ಕ್ಯಾಮರಾ, ಅಲ್ಲಿಗೆಲ್ಲ ಬರಲ್ಲ" ಎಂದು. ಆ ಸಲದ ಶಿವರಾತ್ರಿಗೆ ಮೊದಲು ಬೇಗೂರಿನಿಂದ ಯಾರೋ ಒಬ್ಬ ಬಂದು, ಟವಲ್ಲು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಾಗಲೂ ಅವನು ಲೆನ್ಸು ಒರೆಸುತ್ತ ತಲೆ ಎತ್ತಲಿಲ್ಲ. "ಚಾಮರಾಜನಗರಕ್ಕೆ ಹೋಗಪ್ಪ, ಅಲ್ಲಿ ದೊರೆ ಅಂತ ಒಬ್ಬ ಅವ್ನೆ. ಅವನಿಗೆ ಇಂಥವೇ ಕೆಲಸ," ಎಂದು ಕಳಿಸಿ, ಲೆನ್ಸು ಒರೆಸಿ ಮುಗಿಸಿದ್ದ.

ಹೀಗಿರುವಾಗ ದಸರೆ ಕಳೆದ ಮೇಲೆ ಸ್ಪರ್ಧೆಯ ಸುದ್ದಿ ಬಂತು. ಜಿಲ್ಲೆಯ ಉತ್ಸವ ಸಮಿತಿಯವರು ಫೋಟೊ ಕೇಳಿದ್ದರು. ವಿಷಯ: ಜೀವಕಳೆಯ ಮುಖ. ಗೆದ್ದವನೇ ಮುಂದೆ ಸಮಿತಿಯ ಎಲ್ಲ ಸಮಾರಂಭಗಳಿಗೂ ಫೋಟೊಗ್ರಾಫರ್. ಮರಿಮಲ್ಲಪ್ಪನಿಗೆ ಇದು ಆಟವಾಗಿರಲಿಲ್ಲ. ಸ್ಟುಡಿಯೋ ಬಾಗಿಲು ತೆರೆದು ಕೂತರೆ ನೊಣವೂ ಫೋಟೊ ತೆಗೆಸಿಕೊಳ್ಳದ ಸ್ಥಿತಿ. ಮಾವ ಮರಿಯಪ್ಪ ಆಗಲೇ ಎರಡು ಸಲ ಹೇಳಿ ಕಳಿಸಿದ್ದ: ಅಂಗಡಿ ಮುಚ್ಚಿ ಬನ್ನಿ, ಅರಿಸಿನದ ಹೊಲ ನೋಡಿಕೊಳ್ಳೋಕೆ ಒಬ್ಬರು ಬೇಕು. ಮಾವನ ಹೊಲದಲ್ಲಿ, ಮಾವ ಬೈಯುವಷ್ಟು ದೂರದಲ್ಲಿ, ಉಳಿದ ಆಯುಷ್ಯ! ಈ ಸಲ ಗೆಲ್ಲಲೇಬೇಕು, ಇಲ್ಲವಾದರೆ ಅರಿಸಿನವೇ.

ತನ್ನ ಹಳೆಯ ಫೋಟೊಗಳನ್ನೆಲ್ಲ ಹರಡಿಕೊಂಡು ನೋಡಿದ. ಎಲ್ಲ ಮುಖಗಳೂ ಶರ್ಟಿನ ಮೇಲಿನ ಗುಂಡಿ ಬಿಗಿಯಾಗಿದೆ ಎನ್ನುವ ಹಾಗೆ ನಿಂತಿದ್ದವು. ಜೀವಕಳೆ ಎಲ್ಲೂ ಇರಲಿಲ್ಲ. ಹಾಗಾದರೆ ದೊರೆ ಏನು ಕಳಿಸುತ್ತಾನೋ ನೋಡಿಬಿಡೋಣ ಎಂದು ಬಸ್ಸು ಹತ್ತಿದ. ಆಗಿನ್ನೂ ಕದಿಯುವ ಯೋಚನೆ ಇರಲಿಲ್ಲ, ಪಾಪ. ಜೇಬಿನಲ್ಲಿ ಕಂಪ್ಯೂಟರಿನ ಫೈಲು ತುಂಬಿಕೊಳ್ಳುವ ಒಂದು ಖಾಲಿ ಫ್ಲಾಪಿ ಇತ್ತು, ಅಷ್ಟೆ.

"ಬಾರ್ಲಾ ಮರಿ! ಕೊನೆಗೂ ನಮ್ಮಂಗ್ಡಿ ಮೆಟ್ಲು ಅತ್ಬುಟ್ಯಲ್ಲ. ಕುಂತ್ಕೊ, ಕುಂತ್ಕೊ," ಎಂದು ದೊರೆಸ್ವಾಮಿ ಕುರ್ಚಿ ಎಳೆದ. ದಡ್ಡನ ಸಂತೋಷ ಅವನ ಮುಖದ ತುಂಬ ಇತ್ತು.

"ನಾನೂ ಒಂದು ಕಂಪ್ಯೂಟರ್ ತಗಳನ ಅಂತಿವ್ನಿ ಕಣ್ಲಾ. ಫೋಟೊ ಮೇಲೆ ಹೆಸ್ರು ಹಾಕ್ತೀಯಲ್ಲ, ಅದ ವಸಿ ತೋರ್ಸು."

"ವಾಟರ್‌ಮಾರ್ಕಾ? ಅದೇನ್ ಬ್ರಹ್ಮವಿದ್ಯೆ ಅಲ್ಲ ಬುಡು. ಫೋಟೊ ಮೇಲೆ ಒಂದು ಗಾಜು ಮಡಗ್ದಂಗೆ ಅನ್ಕೊ. ಗಾಜಿನ ಮೇಲೆ ಹೆಸ್ರು ಬರಿ. ಆಮೇಲೆ ಹೆಸ್ರ ತೆಳ್ಳಗೆ ಮಾಡ್ತಾ ಬಾ. ಜಾಸ್ತಿ ತೆಳ್ಳಗಾದ್ರೆ ಹೆಸ್ರು ಕಾಣಕ್ಕಿಲ್ಲ, ಕಮ್ಮಿ ಆದ್ರೆ ಫೋಟೊ ಕಾಣಕ್ಕಿಲ್ಲ. ಸರಿಯಾದಾಗ ಗಾಜ್ನೂ ಫೋಟೊನೂ ಸೇರ್ಸಿ ಒಂದೇ ಮಾಡ್ಬುಡು. ಅಲ್ಲಿಗೆ ಮುಗೀತು, ಯಾರಪ್ಪ ಬಂದ್ರೂ ತಗಿಯಕ್ಕಾಗಕ್ಕಿಲ್ಲ."

"ಮದ್ವೆ ಗಂಡಿನ ಹೊಟ್ಟೆ ಮೇಲೇ ಹಾಕ್ಬೇಕಾ?"

"ಹೊಟ್ಟೆ ದೊಡ್ದಾಗಿತ್ತು ಕಣ್ಲಾ, ಜಾಗ ಚೆನ್ನಾಗಿತ್ತು," ಎಂದು ದೊರೆಸ್ವಾಮಿ ಯಾವ ದುರುದ್ದೇಶವೂ ಇಲ್ಲದೆ ನಕ್ಕ. ಕದಿಯುವ ಯೋಚನೆ ಮರಿಮಲ್ಲಪ್ಪನಿಗೆ ಬಂದದ್ದು ಆ ನಗುವಿನಿಂದಲೇ ಇರಬೇಕು.

ಆ ಹೊತ್ತಿಗೇ, ಮಾಡಿ ತೋರಿಸಲು ದೊರೆಸ್ವಾಮಿ ಒಂದೊಂದೇ ಫೋಟೊ ತೆರೆಯುತ್ತಿದ್ದಾಗ, ಪರದೆಯ ಮೇಲೆ ಒಬ್ಬ ಅಜ್ಜಿ ಬಂದಳು. ಎಪ್ಪತ್ತು ದಾಟಿದ ಮುಖ, ಉಳುಮೆ ಮಾಡಿದ ಹೊಲದ ಹಾಗೆ ಸುಕ್ಕು. ಚೌಕಳಿ ಸೀರೆ. ದುಡಿದು ದಣಿದ ದೇಹ ಗೋಡೆಗೆ ಒರಗಿತ್ತು, ತಲೆ ಒಂದಿಷ್ಟು ಎಡಕ್ಕೆ ವಾಲಿತ್ತು. ಆದರೆ ಕಣ್ಣು! ಅಬ್ಬಾ, ಆ ಕಣ್ಣು! ಅಗಲವಾಗಿ ತೆರೆದು, ಈಗ ತಾನೇ ಏನೋ ಒಳ್ಳೆಯದು ನಡೆಯಲಿದೆ ಎಂದು ನಂಬಿದ ಹಾಗೆ ನೇರ ನೋಡುತ್ತಿದ್ದವು. ಮೋಸ ಅನ್ನುವುದನ್ನೇ ಅರಿಯದ ಕಣ್ಣು. ಸೆರಗಿನ ಮೇಲೆ ಓರೆಯಾಗಿ 'ದೊರೆ'.

"ಇದ್ಯಾರ್ದ್ಲಾ?" ಎಂದ ಮರಿಮಲ್ಲಪ್ಪ, ದನಿ ಆದಷ್ಟು ಸಪ್ಪೆ ಮಾಡಿ.

"ಅದಾ? ಆರ್ಡ್ರು ಕೆಲ್ಸ ಕಣ. ಮಗ ಬಂದು ಮಾಡಿಸ್ಕೊಂಡೋದ."

"ಸ್ಪರ್ಧೆಗೆ ಕಳ್ಸಕ್ಕಿಲ್ವಾ?"

"ಥೂ, ಇದ ಎಂಗ್ಲಾ ಕಳ್ಸದು? ತಪ್ಪಾಯ್ತದ. ನಾನು ನಮ್ಮ ಪುಟ್ಟಿ ಎಮ್ಮೆ ಮೇಲೆ ಕುಂತಿರದ ಕಳ್ಸಿವ್ನಿ."

"ನೆಗೆಟಿವ್ ಮಡಗಿದ್ದೀಯಾ ಇದ್ರದ್ದು?"

"ಇಲ್ಲ ಕಣ, ಮನೆಯೋರೇ ಈಸ್ಕೊಂಡೋದ್ರು. ಅದ ಮಡಿಕಬ್ಯಾಡಿ ಅಂದ್ರು," ಎಂದವನು, ಪಾಸ್‌ಪೋರ್ಟ್ ಫೋಟೊಗೆ ಬಂದ ಗಿರಾಕಿಯನ್ನು ಕರೆದುಕೊಂಡು ಒಳಗೆ ಹೋದ.

ಎಮ್ಮೆಯ ಮೇಲೆ ಪುಟ್ಟಿ! ಮರಿಮಲ್ಲಪ್ಪನಿಗೆ ಅಯ್ಯೋ ಎನ್ನಿಸಿತು. ಕೈಯಲ್ಲಿ ವಜ್ರ ಇಟ್ಟುಕೊಂಡು ಗೋಲಿ ಆಡುವ ಗಿರಾಕಿ ಇವನು. ಇಂಥವನಿಂದ ಈ ಅಜ್ಜಿಯನ್ನು ಬಿಡಿಸಿಕೊಂಡು ಹೋಗುವುದು ಕಳ್ಳತನವಲ್ಲ, ಕಲೆಗೆ ಮಾಡುವ ಸೇವೆ. ಸೇವೆ ಒಂದೇ ನಿಮಿಷದಲ್ಲಿ ಮುಗಿಯಿತು. ಹೆಸರು ಹಾಕದ ಮೂಲ ಫೈಲು ಫ್ಲಾಪಿಗೆ ಹಿಡಿಸದಷ್ಟು ದೊಡ್ಡದಿತ್ತು, ಹೆಸರು ಹಾಕಿದ ಸಣ್ಣದು ಸಲೀಸಾಗಿ ಹಿಡಿಸಿತು. ಹೆಸರು ತಾನೇ, ಅಳಿಸಿದರಾಯಿತು.

ಗುಂಡ್ಲುಪೇಟೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಎಲ್ಲವನ್ನೂ ಯೋಚಿಸಿದ. ಒಬ್ಬ ಬುದ್ಧಿವಂತ ಯೋಚಿಸಬೇಕಾದ ಹಾಗೆಯೇ ಯೋಚಿಸಿದ. ದೊರೆ ತಕರಾರು ಎತ್ತಿದರೆ? ನೆಗೆಟಿವ್ ಇಲ್ಲದವನ ತಕರಾರನ್ನು ಯಾರು ಕೇಳುತ್ತಾರೆ? ಫೈಲು ಯಾವಾಗಿನದು ಎಂದು ಕೇಳಿದರೆ? ಕಂಪ್ಯೂಟರಿನ ತಾರೀಖನ್ನು ಯುಗಾದಿಗೆ ಹಿಂದೆ ತಿರುಗಿಸಿ ಸೇವ್ ಮಾಡಿದರೆ ಕಂಪ್ಯೂಟರೇ ಸಾಕ್ಷಿ ಹೇಳುತ್ತದೆ. ಅಜ್ಜಿಯ ಮನೆಯವರು ನೋಡಿದರೆ? ಇಲ್ಲಿಯೇ ಅವನ ಬುದ್ಧಿ ನಿಜವಾಗಿ ಮಿಂಚಿದ್ದು. ಯುಗಾದಿಯ ಮುಂಚಿನ ತೆರಕಣಾಂಬಿ ಸಂತೆಯಲ್ಲಿ ತೆಗೆದದ್ದು ಎಂದರಾಯಿತು. ಸಂತೆಗೆ ಹೋಗದ ಅಜ್ಜಿ ಈ ಸೀಮೆಯಲ್ಲಿ ಯಾರಿದ್ದಾರೆ? ಹೋಗಿರಲಿಲ್ಲ ಎಂದು ಸಾಧಿಸುವವರಾದರೂ ಯಾರು? ಬಸ್ಸು ತೆರಕಣಾಂಬಿ ದಾಟುವಾಗ ಅವನು ಕಿಟಕಿಯಿಂದ ಸಂತೆಮಾಳವನ್ನು ನೋಡಿ, ಅಜ್ಜಿಯನ್ನು ಕೂರಿಸಲು ಒಂದು ಒಳ್ಳೆಯ ಗೋಡೆಯನ್ನೂ ಆರಿಸಿಕೊಂಡ.

ಗುಂಡ್ಲುಪೇಟೆಯಲ್ಲಿ ಚಂದ್ರಕುಮಾರನ ಟೈಪಿಂಗ್ ಶಾಲೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು, ಅದೇ ಸಾಫ್ಟ್‌ವೇರೂ ಇತ್ತು. ಮಧ್ಯಾಹ್ನ ಚಂದ್ರಕುಮಾರ ಊಟಕ್ಕೆ ಹೋಗಿ ಮಲಗುವ ಹೊತ್ತನ್ನು ಮರಿಮಲ್ಲಪ್ಪ ಬಾಡಿಗೆಗೆ ಹಿಡಿದ. ಕರೆಂಟು ಬಂದಾಗ ಕೂರುವುದು, ಹೋದಾಗ ಬೀಡಿ ಸೇದುವುದು. ಹೆಸರು ಅಳಿಸುವುದು ಸುಲಭವಿರಲಿಲ್ಲ. ಪಕ್ಕದ ಬಟ್ಟೆಯ ಚೂರನ್ನು ಎತ್ತಿ ಅಕ್ಷರದ ಮೇಲೆ ಒತ್ತಬೇಕು. ಚೌಕಳಿಯ ಗೆರೆ ಗೆರೆಗೆ ಕೂಡಬೇಕು. ಒಂದು ದಿನ ಒಂದು ಅಕ್ಷರದ ಕೊಂಬು ಮಾತ್ರ ಹೋಯಿತು, ಇನ್ನೊಂದು ದಿನ ಅಜ್ಜಿಯ ಸೀರೆಗೆ ಆರು ಚೌಕ ಹೆಚ್ಚಾಯಿತು. ಆದರೂ ಬಿಡಲಿಲ್ಲ. ಅಷ್ಟು ಶ್ರದ್ಧೆಯಿಂದ ಅವನು ಜೀವಮಾನದಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಮುಗಿದಾಗ ಸೆರಗು ಸೆರಗಾಗಿತ್ತು, ದೊರೆ ಎಲ್ಲೂ ಇರಲಿಲ್ಲ.

ಕೆಲಸ ಮಾಡುವಾಗೆಲ್ಲ ಆ ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಅವನಿಗೆ ಅವುಗಳ ಮೇಲೆ ಒಂದು ಬಗೆಯ ಮೋಹವೇ ಹುಟ್ಟಿತು. ಇಂಥ ಕಣ್ಣು ಈಗಿನ ಕಾಲದಲ್ಲಿ ಎಲ್ಲಿದೆ, ಎಂದುಕೊಂಡ. ಅವನ್ನು ಮಾತ್ರ ಅವನು ಮುಟ್ಟಲಿಲ್ಲ.

ಆಮೇಲೆ ತನ್ನ ಹೆಸರು. ಮೊದಲು ಕೆಳಗಿನ ಮೂಲೆಯಲ್ಲಿ ಚಿಕ್ಕದಾಗಿ 'ಮರಿ' ಎಂದು ಹಾಕಿದ. ಕಾಣಲಿಲ್ಲ. ಒಂಚೂರು ದೊಡ್ಡದು ಮಾಡಿದ. ಮಾಡಿದ್ದೇ ಮಾಡಿದ್ದು, 'ಮರಿ ಸ್ಟುಡಿಯೋ, ಗುಂಡ್ಲುಪೇಟೆ' ಆಯಿತು. ಮೂಲೆ ಸಾಲದೆ ಸೆರಗಿಗೆ ಬಂತು, ಓರೆಯಾಯಿತು, ಕೊನೆಗೆ ಅಜ್ಜಿಯ ಒಂದು ಭುಜದಿಂದ ಇನ್ನೊಂದು ಭುಜದವರೆಗೂ ಹೋಯಿತು. ದೊರೆ ಹೇಳಿಕೊಟ್ಟ ಹಾಗೆ ಗಾಜನ್ನೂ ಫೋಟೊವನ್ನೂ ಸೇರಿಸಿ ಒಂದು ಮಾಡಿದ. ಇನ್ನು ಯಾರಪ್ಪ ಬಂದರೂ ತೆಗೆಯಲಾಗದು. ತಾರೀಖು ಯುಗಾದಿಗೆ ಹೋಯಿತು, ಸೇವ್ ಆಯಿತು, ಮತ್ತೆ ವಾಪಸ್ಸು ಬಂತು.

ಮೈಸೂರಿಗೆ ಹೋಗಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದಾಗ ಕುಮಾರಿ ಅದನ್ನು ಬೆಳಕಿಗೆ ಹಿಡಿದಳು.

"ಎಲ್ ಸಿಕ್ತು ಈ ಅಜ್ಜಿ?"

"ತೆರಕಣಾಂಬಿ ಸಂತೇಲಿ."

"ನನ್ನೇ ನೋಡ್ತಾ ಅದೆ ಕಣ್ರೀ. ಈ ಕಣ್ಣ ಎಲ್ಲೋ ನೋಡಿವ್ನಿ ನಾನು."

"ಸಂತೇಲಿ ನೋಡಿರ್ತೀಯ ಬುಡು," ಎಂದ ಮರಿಮಲ್ಲಪ್ಪ. ನೋಡಿದಿರಾ, ಸಂತೆಯ ಉಪಾಯ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು!

ಗೆದ್ದ. ಗೆಲ್ಲದೆ ಏನು? ಸಮಿತಿಯವರು ಅಜ್ಜಿಯ ಮುಖವನ್ನೇ ಪೋಸ್ಟರು ಮಾಡಿ ಬಸ್‌ಸ್ಟ್ಯಾಂಡುಗಳಿಗೆಲ್ಲ ಅಂಟಿಸಿದರು. ಗುಂಡ್ಲುಪೇಟೆಯಲ್ಲಿ ಚಹಾ ಕುಡಿಯುವವರು ಪೋಸ್ಟರಿನ ಮೇಲಿನ ಹೆಸರನ್ನು ಓದಿ ಅವನ ಕಡೆ ತಿರುಗಿ ನೋಡುವಂತಾಯಿತು. ಮಾವನಿಗೆ ಅವನೇ ಒಂದು ಪೋಸ್ಟರು ಸುತ್ತಿ ಕಳಿಸಿಕೊಟ್ಟ.

ಬಹುಮಾನದ ದಿನ ಚಾಮರಾಜನಗರದ ಸಭಾಂಗಣ ತುಂಬಿತ್ತು. ವೇದಿಕೆಯ ಹಿಂದೆ ಆಳೆತ್ತರದ ಅಜ್ಜಿ. ಮೂರನೇ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟ ಕುಮಾರಿ. ಹಿಂದಿನ ಸಾಲಿನಲ್ಲಿ ಅಡಿಕೆ ಅಗಿಯುತ್ತ ದೊರೆಸ್ವಾಮಿ. ಮರಿಮಲ್ಲಪ್ಪ ಅವನನ್ನು ಓರೆಗಣ್ಣಿನಿಂದ ನೋಡಿದ. ದೊರೆಸ್ವಾಮಿ ಎದ್ದು ಕೂಗಲಿಲ್ಲ, ಸಿಟ್ಟಾದ ಹಾಗೂ ಕಾಣಲಿಲ್ಲ. ಬಾಯಿ ಅರ್ಧ ತೆರೆದುಕೊಂಡು ಅಜ್ಜಿಯನ್ನೊಮ್ಮೆ ಇವನನ್ನೊಮ್ಮೆ ನೋಡುತ್ತಿದ್ದ. ನೆಗೆಟಿವ್ ಇಲ್ಲವಲ್ಲ, ಏನು ಮಾಡುತ್ತಾನೆ ಪಾಪ, ಎಂದುಕೊಂಡ ಮರಿಮಲ್ಲಪ್ಪ.

ಸಮಿತಿಯ ಅಧ್ಯಕ್ಷರು ನಿವೃತ್ತ ಮೇಷ್ಟ್ರು ಗಂಗಾಧರಸ್ವಾಮಿ. ಅವರು ಕನ್ನಡಕ ಏರಿಸಿ ತೀರ್ಪು ಓದಿದರು: "ಈ ಚಿತ್ರದಲ್ಲಿ ದಣಿವು ದೇಹಕ್ಕಿದೆ, ಕಣ್ಣಿಗಿಲ್ಲ. ಇಷ್ಟು ಪ್ರಾಮಾಣಿಕವಾದ ಕಣ್ಣುಗಳನ್ನು ನಾವು ಈಚೆಗೆ ಕಂಡಿಲ್ಲ." ಮೈಕು ಮರಿಮಲ್ಲಪ್ಪನ ಕೈಗೆ ಬಂತು.

ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದನ್ನು ಅವನು ಹೇಳತೊಡಗಿದ. ಯುಗಾದಿಯ ಮುಂಚಿನ ಸಂತೆ. ಬಿಸಿಲು. ಗೋಡೆಗೆ ಒರಗಿ ದಂಟಿನಸೊಪ್ಪು ಮಾರುತ್ತಿದ್ದ ಅಜ್ಜಿ. ಜನ ಸದ್ದಿಲ್ಲದೆ ಕೇಳುತ್ತಿದ್ದರು, ಅವನಿಗೆ ಹುರುಪು ಬಂತು. ಅಭ್ಯಾಸ ಮಾಡದಿದ್ದದ್ದೂ ಬಾಯಿಗೆ ಬಂತು. ಅಜ್ಜಿ ಎಲೆ ಅಡಿಕೆ ಕೊಟ್ಟರು ಎಂದ. ತಲೆ ಸವರಿದರು ಎಂದ. "'ತಗಿ ಮಗ, ನಾನ್ ಹೋದ್ಮೇಲೂ ಈ ಫೋಟೊ ಇರ್ಲಿ' ಅಂದ್ರು ಆ ತಾಯಿ," ಎಂದು ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡ. ಚಪ್ಪಾಳೆ ಬಿತ್ತು.

"ಇನ್ನೊಂದು ಸಂತೋಷದ ಸುದ್ದಿ," ಎಂದರು ಗಂಗಾಧರಸ್ವಾಮಿ. "ಮುಖವನ್ನು ತೆಗೆದವರಿಗೆ ಮಾತ್ರ ಸನ್ಮಾನ ಮಾಡಿದರೆ ಸಾಲದು, ಆ ಮುಖದವರಿಗೂ ಶಾಲು ಹೊದಿಸಬೇಕು ಎಂದು ಸಮಿತಿ ನಿರ್ಧರಿಸಿತ್ತು. ಪೋಸ್ಟರು ನೋಡಿ ಅಜ್ಜಿಯ ಮಗ ನಾಗಯ್ಯ ಬೇಗೂರಿನಿಂದ ಈಗಷ್ಟೇ ಬಂದು ತಲುಪಿದ್ದಾರೆ. ಬನ್ನಿ ನಾಗಯ್ಯನವರೇ, ತಾಯಿಯವರನ್ನೂ ಕರೆದುಕೊಂಡು ಬನ್ನಿ."

ನಾಗಯ್ಯ ತಾಯಿಯನ್ನು ಕರೆದುಕೊಂಡೇ ಬಂದ. ಎರಡು ಕೈಯಲ್ಲಿ ಎದೆಗೆ ಅವುಚಿಕೊಂಡಿದ್ದ. ಗಾಜಿನ ಫ್ರೇಮು, ಅದಕ್ಕೊಂದು ಒಣಗಿದ ಹೂವಿನ ಹಾರ, ಹಣೆಯ ಜಾಗದಲ್ಲಿ ಗಾಜಿನ ಮೇಲೆ ಕುಂಕುಮ. ಅದೇ ಅಜ್ಜಿ, ಅದೇ ಗೋಡೆ, ಅದೇ ಚೌಕಳಿ. ಸೆರಗಿನ ಮೇಲೆ ಓರೆಯಾಗಿ, ತೆಳ್ಳಗೆ, 'ದೊರೆ'.

ಅವನು ಮರಿಮಲ್ಲಪ್ಪನ ಮುಂದೆ ನಿಂತ. ಜಗಳಕ್ಕೆ ಬಂದವನ ಹಾಗಿರಲಿಲ್ಲ, ಕಣ್ಣು ತುಂಬಿಕೊಂಡಿತ್ತು. "ಸ್ವಾಮಿ, ಯುಗಾದಿ ಸಂತೇಲಿ ನಮ್ಮವ್ವ ಸಿಕ್ಕಿದ್ಲಾ ನಿಮ್ಗೆ? ಶಿವರಾತ್ರಿಗೆ ಮುಂಚೇನೇ ಮಣ್ಣು ಮಾಡಿದ್ವಲ್ಲ ಸ್ವಾಮಿ ನಾವು. ಎಂಗಿದ್ಲು? ಉಂಡಿದ್ಲಾ? ನಮ್ ಮೇಲೇನಾರ ಕ್ವಾಪ ಇತ್ತಾ ಅವ್ಳಿಗೆ?" ಎಂದವನು, ಹತ್ತಿರದಿಂದ ಮುಖ ನೋಡಿ ಗುರುತು ಹಿಡಿದ. "ಅಯ್ಯೋ, ನೀವೇ ಅಲ್ವಾ? ಅವ್ವನ ಫೋಟೊ ತಗೀರಿ ಅಂತ ನಾನು ನಿಮ್ಮಂಗ್ಡಿಗೇ ಅಲ್ವಾ ಮೊದ್ಲು ಬಂದಿದ್ದು? ದೊರೆ ತಾವ ಓಗು ಅಂದ್ಬುಟ್ರಲ್ಲ!"

ಹಿಂದಿನ ಸಾಲುಗಳಲ್ಲಿ ಯಾರೋ ಕಿಸಕ್ಕೆಂದರು. ಬೇರೆ ಯಾರೋ ಅಜ್ಜಿ ಎನ್ನೋಣವೇ ಎಂದು ಮರಿಮಲ್ಲಪ್ಪ ಒಂದು ಕ್ಷಣ ಯೋಚಿಸಿದ. ಫೋಟೊ ಅದಲುಬದಲಾಯಿತು ಎನ್ನೋಣವೇ? ಆದರೆ ಬೆನ್ನ ಹಿಂದೆ, ಒಂದು ಭುಜದಿಂದ ಇನ್ನೊಂದು ಭುಜದವರೆಗೆ, ಯಾರಪ್ಪ ಬಂದರೂ ತೆಗೆಯಲಾಗದ ಹಾಗೆ ಅವನ ಹೆಸರು ಇತ್ತು, ಊರಿನ ಸಮೇತ. "ಏನಪ್ಪ ಇದು ದೊರೆಸ್ವಾಮಿ?" ಎಂದು ಮೇಷ್ಟ್ರು ಹಿಂದಿನ ಸಾಲಿಗೆ ಕೂಗಿದರು.

ದೊರೆಸ್ವಾಮಿ ಎದ್ದು ನಿಂತು ತಲೆ ಕೆರೆದುಕೊಂಡ. "ಫೋಟೊ ನಾನೇ ತಗ್ದಿದ್ದು ಸಾರ್. ಆದ್ರೆ ಪೂರ್ತಿ ನಂದೇ ಅಂದ್ರೆ ಸುಳ್ಳಾಯ್ತದ. ಒರಗ್ಸಿ ಕೂರ್ಸಿದಾಗ ಅಜ್ಜಿ ಕಣ್ಣು ಮುಚ್ಚಿದ್ವು. ಕಣ್ಣು ಬುಟ್ಟಂಗೆ ಮಾಡ್ಕೊಡಿ ಅಂತ ನಾಗಯ್ಯ ಅತ್ತ. ಎಲ್ಲಿಂದಾರ ಒಂದು ಜೊತೆ ಕಣ್ಣು ತಂದು ಕೂರುಸ್ಬೇಕಲ್ಲ? ಆ ವಾರ ಕುಮಾರಿಯಕ್ಕ ಕೊಟ್ಟಿದ್ದ ಅವ್ರ ಮದ್ವೆ ಫೋಟೊ ಕಂಪ್ಯೂಟರ್ನಲ್ಲಿತ್ತು. ಗಂಡಿನ ಮೊಕದಲ್ಲಿ ಗೆದ್ಲು ತಿನ್ದೆ ಬುಟ್ಟಿದ್ದು ಅವೆರಡ್ನೇ ಸಾರ್." ಮೂರನೇ ಸಾಲಿನಿಂದ ಕುಮಾರಿಯ ದನಿ ಕೇಳಿಸಿತು: "ಹೂಂ ಕಣ್ರೀ, ನಿಮ್ಮವೇ! ಅದ್ಕೇ ಎಲ್ಲೋ ನೋಡಿವ್ನಿ ಅಂದಿದ್ದು ನಾನು." ಮರಿಮಲ್ಲಪ್ಪ ನಿಧಾನವಾಗಿ ಹಿಂದೆ ತಿರುಗಿದ. ಆಳೆತ್ತರದ ಅಜ್ಜಿಯ ಮುಖದೊಳಗಿಂದ, ಮೋಸವೇ ತಿಳಿಯದ ಇಪ್ಪತ್ತೆರಡು ವರ್ಷದ ಮದುಮಗ ಅವನನ್ನು ನೆಟ್ಟಗೆ ನೋಡುತ್ತಿದ್ದ.